ಬೆನ್ನುಮೂಳೆಯ ಕ್ಷಯರೋಗ: ಶಸ್ತ್ರಚಿಕಿತ್ಸೆಯ ನಂತರ ನರಗಳ ಚೇತರಿಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕ್ಷಯರೋಗವೆಂದೊಡನೆ ಕೆಮ್ಮು, ಕಫ ಮತ್ತು ಎದೆಯ ಎಕ್ಸ್-ರೇ ನೆನಪಿಗೆ ಬರುವುದು ಸಹಜ. ಆದರೆ ಅದೇ ರೋಗಾಣು ರಕ್ತದ ಮೂಲಕ ಮೂಳೆಗಳನ್ನೂ ಸೇರಬಲ್ಲದು. ಮೂಳೆ ಮತ್ತು ಕೀಲುಗಳಿಗೆ ತಗಲುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳು ಬೆನ್ನುಮೂಳೆಗೆ ಸಂಬಂಧಿಸಿದವು. ಇವುಗಳಲ್ಲಿ ಕೆಲವರಿಗೆ ಕಾಲುಗಳ ಶಕ್ತಿ ಕುಂದಿ, ಶಸ್ತ್ರಚಿಕಿತ್ಸೆ ಅಗತ್ಯವಾಗುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ ಹಾಗೂ ಸುತ್ತಲಿನ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೋಗಿಗಳು ಇಂತಹ ಶಸ್ತ್ರಚಿಕಿತ್ಸೆಗಾಗಿ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ತೆರಳುವುದು ವಾಡಿಕೆ. ಆಸ್ಪತ್ರೆಯಲ್ಲಿ ಇರುವುದು ಕೆಲವು ದಿನ ಅಥವಾ ಕೆಲವು ವಾರ. ಚೇತರಿಕೆ ನಡೆಯುವುದು ಮಾತ್ರ ಊರಿನಲ್ಲಿ, ಮನೆಯ ಮಂಚದ ಮೇಲೆ, ಅನೇಕ ತಿಂಗಳುಗಳ ಕಾಲ. ಶಸ್ತ್ರಚಿಕಿತ್ಸೆಯಾಗಿ ತಿಂಗಳು ಕಳೆದರೂ ಕಾಲು ಬರಲಿಲ್ಲವೆಂದು ಕುಟುಂಬದವರು ನಿರಾಶರಾಗಿ ಔಷಧಿಯನ್ನು ನಿಲ್ಲಿಸಿದಲ್ಲಿ, ಮರಳಬಹುದಾಗಿದ್ದ ಶಕ್ತಿಯೂ ಕೈತಪ್ಪುವ ಸಂಭವವಿದೆ. ಆದುದರಿಂದ ಚೇತರಿಕೆಯ ಕ್ರಮ, ಅದಕ್ಕೆ ಬೇಕಾಗುವ ಕಾಲ ಮತ್ತು ಆ ಅವಧಿಯಲ್ಲಿ ಲಭ್ಯವಿರುವ ಸೌಲಭ್ಯಗಳ ಕುರಿತು ಇಲ್ಲಿ ವಿವರಿಸಲಾಗಿದೆ.

ಕಾಲುಗಳು ಶಕ್ತಿ ಕಳೆದುಕೊಳ್ಳುವುದೇಕೆ

ಬೆನ್ನುಮೂಳೆ ಮತ್ತು ಬೆನ್ನುಹುರಿ ಎರಡೂ ಒಂದೇ ಅಲ್ಲ. ಬೆನ್ನುಮೂಳೆಯು ಒಂದರ ಮೇಲೊಂದು ಜೋಡಿಸಿದ ಮೂಳೆಗಳ ಸಾಲು; ಅದರೊಳಗಿನ ಕೊಳವೆಯಂತಹ ಜಾಗದಲ್ಲಿ ಮಿದುಳಿನಿಂದ ಇಳಿದುಬರುವ ಮೃದುವಾದ ನರಸಮೂಹವೇ ಬೆನ್ನುಹುರಿ. ಕ್ಷಯವು ಮೊದಲು ಹಿಡಿಯುವುದು ಮೂಳೆಯನ್ನು. ಎರಡು ಮೂಳೆಗಳ ಅಂಚು ಮತ್ತು ನಡುವಿನ ಮೆತ್ತೆಯಂತಹ ಭಾಗ ಕ್ರಮೇಣ ಕರಗಿ, ಕೀವು ಶೇಖರವಾಗಿ, ಮೂಳೆ ಮುಂದಕ್ಕೆ ಕುಸಿಯುತ್ತದೆ. ಹೊರಗಿನಿಂದ ನೋಡುವವರಿಗೆ ಬೆನ್ನಿನ ನಡುವೆ ಗೂನು ಎದ್ದಂತೆ ಕಾಣುತ್ತದೆ. ಒಳಗೆ ಅದೇ ಕೀವು, ಅದೇ ಮೂಳೆಯ ಚೂರುಗಳು ಬೆನ್ನುಹುರಿಯನ್ನು ಒತ್ತುತ್ತವೆ.

ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರು ಬೆನ್ನಿನ ಗೂನಿನೊಂದಿಗೆ ಕಾಲುಗಳು ನಿಷ್ಪ್ರಯೋಜಕವಾಗುವ ಈ ಸ್ಥಿತಿಯನ್ನು 1779ರಲ್ಲಿ ವಿವರಿಸಿದರು. ರೋಗಾಣುವನ್ನು ರಾಬರ್ಟ್ ಕಾಖ್ ಅವರು ಪ್ರಕಟಿಸಿದ್ದು 1882ರಲ್ಲಿ; ಅಂದರೆ ಪಾಟ್ ಅವರಿಗೆ ಕಾರಣ ತಿಳಿದಿರಲಿಲ್ಲ. ಗೂನಿನ ಎರಡೂ ಬದಿಯಲ್ಲಿ ಚರ್ಮವನ್ನು ಸುಟ್ಟು ಹುಣ್ಣು ಮಾಡಿ ಕೀವನ್ನು ಹೊರಗೆಡಹುವುದು ಅವರ ಚಿಕಿತ್ಸೆಯಾಗಿತ್ತು. ನಮ್ಮ ಕಡೆ ಬೆನ್ನುನೋವಿಗೆ ಬರೆ ಹಾಕಿಸುವ ರೂಢಿಯೂ ಇದಕ್ಕೆ ದೂರವಾದುದಲ್ಲ. ವೈದ್ಯಶಾಸ್ತ್ರ ಆ ಪದ್ಧತಿಯನ್ನು ಬಿಟ್ಟು ಬಹಳ ಕಾಲವಾಗಿದೆ. ಸಾರ್ವಜನಿಕರೂ ಬಿಡುವುದು ಅಗತ್ಯ. ಬರೆ, ಬೆನ್ನು ತಿಕ್ಕಿಸುವುದು ಮತ್ತು ಮೂಳೆ ಎಳೆಸುವುದರಲ್ಲಿ ಕಳೆಯುವ ಪ್ರತಿ ವಾರವೂ ಬೆನ್ನುಹುರಿಯ ಮೇಲಿನ ಒತ್ತಡಕ್ಕೆ ಸೇರ್ಪಡೆಯಾಗುತ್ತದೆ.

ಇಲ್ಲಿ ಒಂದು ಸಮಾಧಾನಕರ ಅಂಶವಿದೆ. ಮರದಿಂದ ಅಥವಾ ವಾಹನದಿಂದ ಬಿದ್ದು ಬೆನ್ನುಹುರಿ ಜಜ್ಜಿಹೋದಾಗ ನರತಂತುಗಳು ಆ ಕ್ಷಣದಲ್ಲೇ ಹರಿಯುತ್ತವೆ. ಕ್ಷಯದಲ್ಲಿ ಒತ್ತಡವು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಏರುವುದರಿಂದ ಅನೇಕ ನರತಂತುಗಳು ಸಾಯದೆ, ಕೆಲಸ ಮಾತ್ರ ನಿಲ್ಲಿಸಿರುತ್ತವೆ. ಒತ್ತಡ ತೆಗೆದಲ್ಲಿ ಅವು ಮತ್ತೆ ಕೆಲಸ ಆರಂಭಿಸುವ ಅವಕಾಶವಿದೆ. ಆದುದರಿಂದಲೇ ಅಪಘಾತದಿಂದ ಕಾಲು ಕಳೆದುಕೊಂಡ ನೆರೆಮನೆಯವರನ್ನು ನೋಡಿ ಕ್ಷಯದ ರೋಗಿಯ ಭವಿಷ್ಯವನ್ನು ತೀರ್ಮಾನಿಸುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆ ಯಾರಿಗೆ

ಕಾಲು ಕುಂದಿದ ಪ್ರತಿಯೊಬ್ಬರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ವಾರಾಣಸಿಯಲ್ಲಿ ಕೆಲಸ ಮಾಡಿದ ಡಾ. ಎಸ್.ಎಂ. ತುಲಿ ಅವರು 1975ರಲ್ಲಿ ಪ್ರಕಟಿಸಿದ ಮಧ್ಯಮ ಮಾರ್ಗದ ಪದ್ಧತಿಯಲ್ಲಿ ಮೊದಲು ಔಷಧಿ ಮತ್ತು ವಿಶ್ರಾಂತಿ, ಅದರಿಂದ ಗುಣ ಕಾಣದವರಿಗೆ ಮತ್ತು ಸ್ಥಿತಿ ಬಿಗಡಾಯಿಸುವವರಿಗೆ ಶಸ್ತ್ರಚಿಕಿತ್ಸೆ ಎಂಬ ಕ್ರಮವನ್ನು ಅನುಸರಿಸಲಾಯಿತು. ಅವರ ರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರ ಕಾಲುಗಳು ಶಸ್ತ್ರಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಂಡವು. ಇಂದಿಗೂ ಭಾರತದ ವೈದ್ಯರ ಆಲೋಚನೆಯಲ್ಲಿ ಈ ಪದ್ಧತಿಯ ಪ್ರಭಾವ ದೊಡ್ಡದು. ಒಬ್ಬ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿ ಇನ್ನೊಬ್ಬರಿಗೆ ಮಾತ್ರೆ ಮಾತ್ರ ನೀಡಿದಲ್ಲಿ ಅದು ತಾರತಮ್ಯವಲ್ಲ.

ಶಸ್ತ್ರಚಿಕಿತ್ಸೆಯು ಎರಡು ಕೆಲಸಗಳನ್ನು ಮಾಡುತ್ತದೆ: ಕೀವು ಮತ್ತು ಕೊಳೆತ ಮೂಳೆಯನ್ನು ತೆಗೆದು ಬೆನ್ನುಹುರಿಯ ಮೇಲಿನ ಒತ್ತಡವನ್ನು ಇಳಿಸುವುದು, ಅಗತ್ಯವಿದ್ದಲ್ಲಿ ಲೋಹದ ತಿರುಪು ಮತ್ತು ಸಲಾಕೆಗಳನ್ನು ಹಾಕಿ ಬೆನ್ನುಮೂಳೆಯನ್ನು ಸ್ಥಿರಪಡಿಸುವುದು. ತೆಗೆದ ಭಾಗವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯ ಮೂಲಕ ರೋಗಾಣು ಮತ್ತು ಅದು ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂಬುದನ್ನು ತಿಳಿಯಲಾಗುತ್ತದೆ. ಈ ವರದಿ ಅತಿ ಮುಖ್ಯವಾದ ದಾಖಲೆ. ಬಿಡುಗಡೆಯ ಸಮಯದಲ್ಲಿ ವರದಿ ಬಂದಿರದಿದ್ದಲ್ಲಿ, ನಂತರವಾದರೂ ಕೇಳಿ ಪಡೆಯತಕ್ಕದ್ದು.

ಶಸ್ತ್ರಚಿಕಿತ್ಸೆ ಮಾಡದಿರುವ ಕೆಲಸವೂ ಒಂದಿದೆ. ಅದು ರೋಗಾಣುವನ್ನು ನಾಶಮಾಡುವುದಿಲ್ಲ. ಆ ಕೆಲಸ ಮಾತ್ರೆಗಳದು.

ಚೇತರಿಕೆಯ ಕ್ರಮ

ಕುಟುಂಬದವರು ಕಾಯುವುದು ರೋಗಿ ಎದ್ದು ನಿಲ್ಲುವ ದಿನಕ್ಕಾಗಿ. ಆದರೆ ನರಗಳು ಆ ದಿನದಿಂದ ಕೆಲಸ ಆರಂಭಿಸುವುದಿಲ್ಲ. ಸಾಮಾನ್ಯವಾಗಿ ಮೊದಲು ಮರಳುವುದು ಕಂಪನದ ಅರಿವು ಮತ್ತು ಕಣ್ಣು ಮುಚ್ಚಿದಾಗ ಹೆಬ್ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬ ಅರಿವು. ವೈದ್ಯರು ಕವಲುಲೋಹವನ್ನು ಪಾದದ ಮೂಳೆಗೆ ತಾಗಿಸಿ ಪರೀಕ್ಷಿಸುವುದು ಇದನ್ನೇ. ಬಳಿಕ ಬಿಸಿ-ತಂಪು, ಸ್ಪರ್ಶ ಮತ್ತು ನೋವಿನ ಅರಿವು. ಆ ನಂತರ ಸ್ನಾಯುಗಳ ಶಕ್ತಿ, ಮೂತ್ರ ಮತ್ತು ಮಲದ ಹಿಡಿತ. ಸೊರಗಿದ ಮಾಂಸಖಂಡಗಳು ತುಂಬಿಕೊಳ್ಳುವುದು ಕಟ್ಟಕಡೆಗೆ. ಎಲ್ಲರಲ್ಲಿಯೂ ಇದೇ ಅನುಕ್ರಮ ಇರಬೇಕೆಂದಿಲ್ಲ. ಆದರೂ ಪಾದಕ್ಕೆ ತಣ್ಣೀರು ಸೋಕಿದ್ದು ಗೊತ್ತಾಯಿತು ಎಂದು ರೋಗಿ ಹೇಳಿದಲ್ಲಿ ಅದನ್ನು ಸಣ್ಣ ಮಾತೆಂದು ತಳ್ಳಿಹಾಕಬಾರದು. ಕಾಲು ಆಡದಿದ್ದರೂ ಚೇತರಿಕೆ ಆರಂಭವಾಗಿದೆ ಎಂಬುದರ ಸೂಚನೆ ಅದಾಗಿರಬಹುದು.

ಇನ್ನೊಂದು ವಿಷಯದಲ್ಲಿ ಗೊಂದಲ ಹೆಚ್ಚು. ಬೆನ್ನುಹುರಿ ಒತ್ತಿದಾಗ ಕಾಲುಗಳು ತಾವಾಗಿಯೇ ಸೆಟೆಯುವುದು, ಮಡಿಚಿಕೊಳ್ಳುವುದು, ಹೊದಿಕೆ ಎಳೆದರೆ ಎಗರುವುದು ಉಂಟು. ಇದನ್ನು ಕಂಡು ಶಕ್ತಿ ಬಂತೆಂದು ಸಂತೋಷಪಡುವವರಿದ್ದಾರೆ. ಗಾಳಿ ಸೋಕಿದೆ ಎಂದು ಹೆದರುವವರೂ ಇದ್ದಾರೆ. ಎರಡೂ ತಪ್ಪು. ಹೆಬ್ಬೆರಳನ್ನು ಮೇಲೆತ್ತು ಎಂದು ಹೇಳಿದಾಗ ರೋಗಿಯು ತನ್ನ ಇಚ್ಛೆಯಿಂದ ಎತ್ತಿದರೆ, ಅದು ಎಷ್ಟೇ ಅಲ್ಪವಾಗಿರಲಿ, ಅದು ಶಕ್ತಿ. ತಾನಾಗಿ ಎಗರುವ ಕಾಲು ಶಕ್ತಿಯಲ್ಲ. ಸೆಟೆತ ಹೆಚ್ಚಾದಲ್ಲಿ ಅದಕ್ಕೆ ಔಷಧಿಯಿದೆ. ಹಾಗೆಯೇ ಬಿಟ್ಟಲ್ಲಿ ಮೊಣಕಾಲು ಮತ್ತು ಹಿಮ್ಮಡಿಯ ಕೀಲುಗಳು ಮಡಿಚಿಕೊಂಡೇ ಗಡುಸಾಗಿ, ಶಕ್ತಿ ಮರಳಿದ ಮೇಲೂ ನಿಲ್ಲಲಾಗದ ಸ್ಥಿತಿ ಬರುತ್ತದೆ.

ಕಾಲಾವಧಿಯ ಬಗ್ಗೆ ಹೇಳುವುದಾದರೆ, ಕೆಲವರಲ್ಲಿ ಬದಲಾವಣೆ ಕೆಲವೇ ದಿನಗಳಲ್ಲಿ ಕಾಣುತ್ತದೆ. ಹಲವರಲ್ಲಿ ವಾರಗಳು ಬೇಕು. ಚೇತರಿಕೆಯ ಬಹುಪಾಲು ಮೊದಲ ಆರು ತಿಂಗಳಲ್ಲಿ ಆಗುತ್ತದೆ. ಆ ಬಳಿಕ ವೇಗ ತಗ್ಗಿದರೂ ಒಂದು ವರ್ಷದವರೆಗೆ, ಕೆಲವರಲ್ಲಿ ಅದಕ್ಕೂ ಮೀರಿ, ಸುಧಾರಣೆ ಮುಂದುವರಿಯುವುದುಂಟು. ಮೊದಲ ತಿಂಗಳ ಕೊನೆಯ ಸ್ಥಿತಿಯನ್ನು ಅಂತಿಮ ತೀರ್ಪೆಂದು ಭಾವಿಸಲು ಯಾವ ಆಧಾರವೂ ಇಲ್ಲ.

ಯಾರಿಗೆ ಹೆಚ್ಚು ಗುಣವಾಗುತ್ತದೆ ಎಂಬುದು ಶಸ್ತ್ರಚಿಕಿತ್ಸೆಗೆ ಮೊದಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಕಿರಿಯ ವಯಸ್ಸಿನವರು, ಪೂರ್ಣ ಶಕ್ತಿ ಕಳೆದುಕೊಳ್ಳದವರು, ಕಾಲು ಕುಂದಿದ ಕೆಲವೇ ವಾರಗಳಲ್ಲಿ ಆಸ್ಪತ್ರೆ ತಲುಪಿದವರು ಮತ್ತು ಒತ್ತಡಕ್ಕೆ ಕೀವೇ ಮುಖ್ಯ ಕಾರಣವಾಗಿದ್ದವರು ಉತ್ತಮವಾಗಿ ಚೇತರಿಸಿಕೊಳ್ಳುತ್ತಾರೆ. ರೋಗ ಗುಣವಾಗಿ ಹಲವು ವರ್ಷಗಳ ನಂತರ, ಹಳೆಯ ಗೂನಿನ ಗಟ್ಟಿ ಮೂಳೆಯ ಮೇಲೆ ಬೆನ್ನುಹುರಿ ಸವೆದು ಕಾಲು ಕುಂದಿದವರಲ್ಲಿ ಫಲ ಕಡಿಮೆ. ಮೂತ್ರದ ಹಿಡಿತ ತಪ್ಪಿದವರಲ್ಲಿ ಚೇತರಿಕೆ ನಿಧಾನ. ಎಲ್ಲ ಚಿಕಿತ್ಸೆಯ ನಂತರವೂ ಕೆಲವರಿಗೆ ನಡೆಯುವ ಶಕ್ತಿ ಬರುವುದಿಲ್ಲವೆಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಹದಿನೈದು ದಿನಕ್ಕೊಮ್ಮೆ ದಿನಾಂಕ ಸಹಿತ ಒಂದು ನೋಟ್ ಪುಸ್ತಕದಲ್ಲಿ ರೋಗಿಯ ಸ್ಥಿತಿಯನ್ನು ಬರೆದಿಡುವುದು ಉಪಯುಕ್ತ: ಯಾವ ಬೆರಳು ಆಡಿತು, ಸ್ಪರ್ಶ ಎಲ್ಲಿಯವರೆಗೆ ತಿಳಿಯುತ್ತದೆ, ಮೂತ್ರ ಬರುವುದು ತಿಳಿಯುತ್ತದೆಯೇ, ಎಷ್ಟು ಹೊತ್ತು ಆಸರೆಯಿಲ್ಲದೆ ಕುಳಿತರು. ದಿನವೂ ನೋಡುವವರ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಎರಡು ತಿಂಗಳ ಹಿಂದಿನ ಪುಟವನ್ನು ಇಂದಿನದರೊಂದಿಗೆ ತಾಳೆ ನೋಡಿದಾಗ ಕಾಣುತ್ತದೆ. ವೈದ್ಯರಿಗೂ, ಮುಂದೆ ವೈದ್ಯಕೀಯ ಮಂಡಳಿಗೂ ಈ ಪುಸ್ತಕ ನೆರವಾಗುತ್ತದೆ.

ಔಷಧಿಯ ಅವಧಿ

ಶ್ವಾಸಕೋಶದ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಬೆನ್ನುಮೂಳೆಯ ಕ್ಷಯಕ್ಕೆ, ಶ್ವಾಸಕೋಶದ ಹೊರಗಿನ ಕ್ಷಯದ ಕುರಿತು 2016ರಲ್ಲಿ ಹೊರಬಂದ ರಾಷ್ಟ್ರೀಯ ಮಾರ್ಗಸೂಚಿಯಂತೆ, ಹನ್ನೆರಡು ತಿಂಗಳು. ವೈದ್ಯರು ಅಗತ್ಯವೆನಿಸಿದಲ್ಲಿ ಹದಿನೆಂಟು ತಿಂಗಳವರೆಗೂ ವಿಸ್ತರಿಸಬಹುದು. ಶಸ್ತ್ರಚಿಕಿತ್ಸೆ ಆದುದರಿಂದ ಈ ಅವಧಿ ಕಡಿಮೆಯಾಗುವುದಿಲ್ಲ. ಕಾಲು ಬಂದು, ಹೊಲಕ್ಕೆ ಹೋಗತೊಡಗಿದ ಮೇಲೂ ಕಡಿಮೆಯಾಗುವುದಿಲ್ಲ. ನೆರೆಯ ಶ್ವಾಸಕೋಶದ ರೋಗಿಯು ಆರು ತಿಂಗಳಲ್ಲಿ ಮುಗಿಸಿದರೆಂದು ತಾವೂ ನಿಲ್ಲಿಸುವುದು ಅಪಾಯಕರ.

ಔಷಧಿಗಳನ್ನು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಉಚಿತವಾಗಿ ನೀಡಲಾಗುತ್ತದೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದಲ್ಲಿ ಗಾಬರಿಪಡಬೇಕಾಗಿಲ್ಲ. ಅದು ರಿಫಾಂಪಿಸಿನ್‌ನ ಬಣ್ಣ. ಕಣ್ಣು ಹಳದಿಯಾದಲ್ಲಿ, ನಿರಂತರ ವಾಂತಿಯಾದಲ್ಲಿ ಅಥವಾ ದೃಷ್ಟಿ ಮಸುಕಾದಲ್ಲಿ ಮಾತ್ರ ಕೂಡಲೇ ವೈದ್ಯರನ್ನು ಕಾಣಬೇಕು. ಅಂಗಾಲಿನಲ್ಲಿ ಉರಿ, ಜೋಮು ಹೊಸದಾಗಿ ಕಾಣಿಸಿದಲ್ಲಿ ಅದು ಬೆನ್ನುಹುರಿಯ ದೋಷವೇ ಆಗಿರಬೇಕೆಂದಿಲ್ಲ. ಐಸೋನಿಯಾಜಿಡ್ ಔಷಧಿಯಿಂದಲೂ ಪಾದದ ನರಗಳು ಬಾಧಿತವಾಗುತ್ತವೆ. ಅದನ್ನು ತಡೆಯಲು ಪಿರಿಡಾಕ್ಸಿನ್ ಎಂಬ ವಿಟಮಿನ್ ಮಾತ್ರೆ ನೀಡಲಾಗುತ್ತದೆ. ಈ ಚಿಕ್ಕ ಮಾತ್ರೆಯನ್ನು ಕೇವಲ ಶಕ್ತಿಯ ಗುಳಿಗೆಯೆಂದು ಬದಿಗಿಡುವವರು ಅನೇಕರು.

ಈ ಭಾಗದಿಂದ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಮತ್ತು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ವಲಸೆ ಹೋಗುವ ಕುಟುಂಬಗಳಿವೆ. ರೋಗಿಯನ್ನು ಜೊತೆಗೆ ಕರೆದೊಯ್ಯಬೇಕಾದಲ್ಲಿ ಹೊರಡುವ ಮುನ್ನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ನಿಕ್ಷಯ್ ಸಂಖ್ಯೆಯು ದೇಶದಾದ್ಯಂತ ಒಂದೇ ಆಗಿದ್ದು, ಚಿಕಿತ್ಸೆಯನ್ನು ಹೋದ ಊರಿನ ಕೇಂದ್ರಕ್ಕೆ ವರ್ಗಾಯಿಸಲಾಗುತ್ತದೆ.

ಮನೆಯಲ್ಲಿ ಆರೈಕೆ

ಸ್ಪರ್ಶವಿಲ್ಲದ ಚರ್ಮಕ್ಕೆ ತನ್ನನ್ನು ಕಾಪಾಡಿಕೊಳ್ಳಲು ಬರುವುದಿಲ್ಲ. ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ವೈದ್ಯರು ತೋರಿಸಿಕೊಟ್ಟ ರೀತಿಯಲ್ಲಿ ಬೆನ್ನನ್ನು ತಿರುಚದೆ ಮಗ್ಗಲು ಬದಲಿಸಬೇಕು. ಸೊಂಟದ ಹಿಂಭಾಗ, ತೊಡೆಯ ಪಕ್ಕದ ಎಲುಬು ಮತ್ತು ಹಿಮ್ಮಡಿಯನ್ನು ದಿನವೂ ನೋಡಬೇಕು. ಕೆಂಪಾಗಿ ಉಳಿದ ಜಾಗವೇ ಹಾಸಿಗೆ ಹುಣ್ಣಿನ ಆರಂಭ. ಮರಗಟ್ಟಿದ ಕಾಲಿಗೆ ಬಿಸಿ ಇಟ್ಟಿಗೆ, ಬಿಸಿ ಉಪ್ಪಿನ ಗಂಟು ಅಥವಾ ಬಿಸಿನೀರಿನ ಚೀಲದಿಂದ ಕಾವು ಕೊಡುವುದನ್ನು ಕಡ್ಡಾಯವಾಗಿ ನಿಲ್ಲಿಸಬೇಕು. ಚರ್ಮ ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಹುಣ್ಣಾದಲ್ಲಿ ಅದರ ಸೋಂಕಿನಿಂದಲೇ ಪ್ರಾಣಾಪಾಯ ಸಂಭವಿಸಬಹುದು, ಇಲ್ಲವೇ ನಡಿಗೆಯ ಅಭ್ಯಾಸ ತಿಂಗಳುಗಟ್ಟಲೆ ಮುಂದೆ ಹೋಗಬಹುದು.

ಮೂತ್ರದ ನಳಿಕೆಯನ್ನು ನಿಗದಿತ ದಿನಕ್ಕೆ ಬದಲಿಸಬೇಕು. ಸ್ವಚ್ಛ ನಳಿಕೆಯಿಂದ ಕೆಲವು ಗಂಟೆಗಳಿಗೊಮ್ಮೆ ಮೂತ್ರ ತೆಗೆಯುವ ವಿಧಾನವನ್ನು ಆಸ್ಪತ್ರೆಯಲ್ಲಿಯೇ ಕಲಿತು ಬರುವುದು ಉತ್ತಮ. ಕೀಲುಗಳ ವ್ಯಾಯಾಮ ಮೊದಲ ದಿನದಿಂದಲೇ ಇರಬೇಕು. ಕುಳಿತುಕೊಳ್ಳುವುದು, ಪಟ್ಟಿ ಧರಿಸುವುದು ಮತ್ತು ನಿಲ್ಲುವುದು ಶಸ್ತ್ರವೈದ್ಯರು ಹೇಳಿದ ಮೇಲೆಯೇ. ಆಹಾರದ ವಿಷಯದಲ್ಲಿ ಪಥ್ಯವೆಂದು ಬೇಳೆ, ಮೊಟ್ಟೆ, ಶೇಂಗಾ ನಿಲ್ಲಿಸುವುದು ಕ್ಷಯರೋಗಿಗೆ ಹಾನಿಕರ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ

ಚೇತರಿಕೆಗೆ ತಾಳ್ಮೆ ಬೇಕೆಂಬ ಮಾತು ಹಿಮ್ಮುಖ ಬದಲಾವಣೆಗೆ ಅನ್ವಯಿಸುವುದಿಲ್ಲ. ಬಂದ ಶಕ್ತಿ ಮತ್ತೆ ಕುಂದಿದಲ್ಲಿ, ಮೂತ್ರ ಕಟ್ಟಿದಲ್ಲಿ, ಮರಗಟ್ಟುವಿಕೆ ಮೇಲಕ್ಕೆ ಏರಿದಲ್ಲಿ, ಗಾಯದಿಂದ ಕೀವು ಸೋರಿದಲ್ಲಿ, ಬೆನ್ನಿನಲ್ಲಿ ಹಠಾತ್ತನೆ ತೀವ್ರ ನೋವು ಬಂದಲ್ಲಿ ಅಥವಾ ಜ್ವರ ಮರುಕಳಿಸಿದಲ್ಲಿ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಅಂದೇ ಹೊರಡಬೇಕು. ಒಂದು ಕಾಲು ಊದಿ ನೋವಾದರೂ ಇದೇ ನಿಯಮ. 108 ಆಂಬುಲೆನ್ಸ್ ಸೇವೆ ಉಚಿತ. ಬೆನ್ನು ಬಾಗದಂತೆ ಮಲಗಿಸಿಯೇ ಸಾಗಿಸಬೇಕು; ದ್ವಿಚಕ್ರ ವಾಹನದಲ್ಲಿ ನಡುವೆ ಕೂರಿಸಿಕೊಂಡು ಹೋಗಬಾರದು.

ಮಕ್ಕಳ ವಿಷಯದಲ್ಲಿ ಔಷಧಿ ಮುಗಿದ ಮೇಲೂ ನಿಗಾ ಅಗತ್ಯ. ರೋಗ ಗುಣವಾದ ಬಳಿಕವೂ ಬೆಳವಣಿಗೆಯ ವರ್ಷಗಳಲ್ಲಿ ಗೂನು ಹೆಚ್ಚುತ್ತಾ ಹೋಗುವುದುಂಟೆಂದು ಕೊಯಮತ್ತೂರಿನ ಡಾ. ಎಸ್. ರಾಜಶೇಖರನ್ ಅವರ ದೀರ್ಘಾವಧಿ ಅಧ್ಯಯನ 2001ರಲ್ಲಿ ತೋರಿಸಿದೆ. ಬೆಳವಣಿಗೆ ನಿಲ್ಲುವವರೆಗೆ ಮಗುವನ್ನು ಕಾಲಕಾಲಕ್ಕೆ ತೋರಿಸುತ್ತಿರಬೇಕು.

ಸೌಲಭ್ಯಗಳು ಮತ್ತು ಅರ್ಜಿ

ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಭರಿಸಲಾಗುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ವಿಚಾರಿಸಿ ಹೊರಡುವುದು. ಪತ್ರವಿಲ್ಲದೆ ಹೋಗಿ ಹಿಂದಿರುಗುವ ಪ್ರಯಾಣ ಬೆನ್ನುಮೂಳೆಯ ರೋಗಿಗೆ ಸಣ್ಣ ತೊಂದರೆಯಲ್ಲ.

ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನೀಡುವ ನೆರವು 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದುದು, 2024ರ ನವೆಂಬರ್ 1ರಿಂದ 1000 ರೂಪಾಯಿಯಾಗಿದೆ. ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದವರೂ ಅರ್ಹರು. ಆದರೆ ನಿಕ್ಷಯ್‌ನಲ್ಲಿ ನೋಂದಣಿ ಆಗಿರಬೇಕು.

ಅಂಗವೈಕಲ್ಯ ಪ್ರಮಾಣಪತ್ರದ ಬಗ್ಗೆ ಎರಡು ಬಗೆಯ ತಪ್ಪುಗಳು ಸಾಮಾನ್ಯ. ಶಸ್ತ್ರಚಿಕಿತ್ಸೆಯಾದ ಕೂಡಲೇ ಶಾಶ್ವತ ಪ್ರಮಾಣಪತ್ರಕ್ಕಾಗಿ ಒತ್ತಾಯಿಸುವುದು ಒಂದು. ಪೂರ್ತಿ ಗುಣವಾಗಬಹುದೆಂದು ಕಾದು, ದುಡಿಮೆಯಿಲ್ಲದ ಒಂದೆರಡು ವರ್ಷಗಳಲ್ಲಿ ಯಾವ ನೆರವನ್ನೂ ಪಡೆಯದಿರುವುದು ಇನ್ನೊಂದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮತ್ತು ಅದರಡಿಯ ನಿಯಮಗಳಲ್ಲಿ ನಡುವಿನ ದಾರಿಯಿದೆ: ಸ್ಥಿತಿ ಬದಲಾಗುವ ಸಂಭವವಿದ್ದಲ್ಲಿ ಮಾನ್ಯತೆಯ ಅವಧಿಯನ್ನು ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ, ಬದಲಾಗುವ ಸಂಭವವಿಲ್ಲದಿದ್ದಲ್ಲಿ ಶಾಶ್ವತ ಪ್ರಮಾಣಪತ್ರ. ತಾತ್ಕಾಲಿಕ ಪ್ರಮಾಣಪತ್ರ ದೊರೆತವರು ತಮ್ಮ ಅರ್ಜಿ ಅರ್ಧ ತಿರಸ್ಕೃತವಾಯಿತೆಂದು ಭಾವಿಸಬಾರದು. ಕಾಲಿಗೆ ಇನ್ನೂ ಚೇತರಿಸಿಕೊಳ್ಳುವ ಅವಕಾಶವಿದೆ ಎಂಬುದು ಅದರ ಅರ್ಥ. ಅವಧಿ ಮುಗಿಯುವ ಮುನ್ನ ಮರುಪರೀಕ್ಷೆಗೆ ಹಾಜರಾಗಬೇಕು. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಪಡೆಯುವ ಹಕ್ಕು ಅರ್ಜಿದಾರರಿಗಿದೆ.

ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ವಾಸವಿರುವ ಜಿಲ್ಲೆಯ ಅಥವಾ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರವನ್ನು ಆಯ್ಕೆ ಮಾಡಲು ಅವಕಾಶವಿದೆ. ಅರ್ಜಿ ಭರ್ತಿ ಮಾಡಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಮಾಸಾಶನದ ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸತಕ್ಕದ್ದು. ಕಾನಹೊಸಹಳ್ಳಿ ಸುತ್ತಲಿನ ಗ್ರಾಮಗಳವರು ಇದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿಲ್ಲ.

ಮೇಲ್ಕಂಡ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುತ್ತವೆ. ಹಳೆಯ ದಾಖಲೆಗಳಲ್ಲಿ ಬಳ್ಳಾರಿ ಜಿಲ್ಲೆಯೆಂದೂ, ಹರಪನಹಳ್ಳಿಯವರ ದಾಖಲೆಗಳಲ್ಲಿ ದಾವಣಗೆರೆ ಜಿಲ್ಲೆಯೆಂದೂ ಇರುವುದು ಸಾಮಾನ್ಯ. ಹೊಸ ಅರ್ಜಿಯಲ್ಲಿ ಈಗಿನ ಜಿಲ್ಲೆಯನ್ನೇ ಬರೆಯುವುದು. ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು.

ತಪಾಸಣೆಗೆ ಅಥವಾ ಮಂಡಳಿಯ ಮುಂದೆ ಹಾಜರಾಗುವಾಗ ಬಿಡುಗಡೆ ಪತ್ರ, ಶಸ್ತ್ರಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್-ರೇ ಹಾಗೂ ಎಂ.ಆರ್.ಐ. ಚಿತ್ರಗಳು, ಪ್ರಯೋಗಾಲಯದ ವರದಿ, ನಿಕ್ಷಯ್ ಸಂಖ್ಯೆ ಇರುವ ಚಿಕಿತ್ಸಾ ಚೀಟಿ ಮತ್ತು ಮನೆಯಲ್ಲಿ ಬರೆದಿಟ್ಟ ನೋಟ್ ಪುಸ್ತಕವನ್ನು ತರುವುದು. ಮೂಲ ಪ್ರತಿಗಳನ್ನು ಯಾವ ಕಚೇರಿಯಲ್ಲಿಯೂ ಬಿಟ್ಟುಬರದೆ, ನಕಲು ಪ್ರತಿಗಳನ್ನು ಮಾತ್ರ ಲಗತ್ತಿಸಿ, ಸ್ವೀಕೃತಿ ಪಡೆಯುವುದು. ಕ್ಷಯರೋಗದ ಚಿಕಿತ್ಸೆ ಕುರಿತ ಯಾವುದೇ ಸಂದೇಹಕ್ಕೆ ಶುಲ್ಕರಹಿತ ಸಹಾಯವಾಣಿ 1800-11-6666 ಅನ್ನು ಸಂಪರ್ಕಿಸಬಹುದು.